ಚೆರೋಕಿ ಕಾಗದಗಳ ಅಕ್ಕ

ಅಕ್ಕ ತೀರಿಕೊಂಡ ಸುದ್ದಿ ಬಂದಾಗ ನಾನು ಆಕ್ಲೆಂಡಿನ ಮನುಕಾವ್‌ನ ಅಂಗಡಿಯೊಂದರಲ್ಲಿ ಬೂಟು ಹಾಕಿ ನೋಡುತ್ತಿದ್ದೆ. ಒಂದು ಕಾಲಿನಲ್ಲಿ ಹೊಸ ಬೂಟು, ಇನ್ನೊಂದರಲ್ಲಿ ಬರೀ ಕಾಲುಚೀಲ. ಫೋನು ಮಾಡಿದವನು ನನ್ನ ಹಳೆಯ ಫ್ಲ್ಯಾಟ್‌ಮೇಟ್, ಮಂಗಳೂರಿನವನು. ಮಧ್ಯಾಹ್ನ ಉಂಡು, ತಟ್ಟೆ ತೊಳೆದಿಟ್ಟು, ಕುರ್ಚಿಯಲ್ಲಿ ಕೂತವರು ಹಾಗೆಯೇ ಹೋಗಿಬಿಟ್ಟರಂತೆ. ದುಃಖವಾಯಿತು, ಇಲ್ಲವೆನ್ನುವುದಿಲ್ಲ. ಆದರೆ ದುಃಖಕ್ಕಿಂತ ಒಂದು ಹೆಜ್ಜೆ ಮುಂದೆ ಬಂದು ನಿಂತದ್ದು ನೆಮ್ಮದಿ. ಸದ್ಯ, ಇವರು ಕೆಟ್ಟ ಹೆಸರು ಹೊತ್ತುಕೊಂಡು ಹೋಗಲಿಲ್ಲವಲ್ಲ ಎಂಬ ನೆಮ್ಮದಿ. ಸಾವಿನ ಸುದ್ದಿ ಕೇಳಿ ಸಮಾಧಾನಪಡುವ ಇವನೆಂಥ ಮನುಷ್ಯ ಎಂದು ನೀವು ಅಂದುಕೊಳ್ಳುವ ಮೊದಲು ಆಕೆ ಎಂಥವರು ಎಂಬುದನ್ನು ಹೇಳಿಬಿಡುತ್ತೇನೆ.

ಮೌಂಟ್ ಆಲ್ಬರ್ಟಿನ ಚರ್ಚಿನಲ್ಲಿ ಅಂತ್ಯಕ್ರಿಯೆಯ ದಿನ ಮಾತಾಡಿದವರೆಲ್ಲ ಅಕ್ಕನ ಗಂಟಲಿನ ವಿಷಯವನ್ನೇ ಎತ್ತಿದರು. ಎತ್ತದೆ ಇರುವುದು ಕಷ್ಟ. ಅವರು ಪಿಸುಗುಟ್ಟಿದರೆ ಪಕ್ಕದ ವಾರ್ಡಿನವರು ತಿರುಗಿ ನೋಡುತ್ತಿದ್ದರು. ಗದಗ-ಬೆಟಗೇರಿ ಕಡೆಯ ಕ್ರೈಸ್ತ ಮನೆತನ, ಅಲ್ಲಿಯೇ ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತವರು. ಗಂಡ ತೀರಿಹೋದ ಮೇಲೆ ಮಗಳನ್ನು ಕಟ್ಟಿಕೊಂಡು ನ್ಯೂಜಿಲೆಂಡಿಗೆ ಬಂದಿದ್ದರು. ಮಗಳು ಬೆಳೆದು ವೆಲಿಂಗ್ಟನ್ ಸೇರಿದಳು. ತಾಯಿ ಕನ್ನಡದಲ್ಲಿ ಬೈದರೆ ಮಗಳು ಇಂಗ್ಲಿಷಿನಲ್ಲಿ ಕ್ಷಮೆ ಕೇಳುತ್ತಿದ್ದಳು, ಇಬ್ಬರಿಗೂ ಅದರಲ್ಲೇನೂ ಕೊರತೆ ಕಾಣುತ್ತಿರಲಿಲ್ಲ. ಊರಿನ ಉಳಿದ ಕನ್ನಡಿಗರಿಗೆಲ್ಲ ಇವರು ಆಂಟಿ. ನಾನು ಮಂಡ್ಯದವನು, ಆಂಟಿ ಎನ್ನಲು ನಾಲಿಗೆ ಹೊರಳಲಿಲ್ಲ, ಅಕ್ಕ ಎಂದೆ. ಅವರು ನನ್ನನ್ನು ತಮ್ಮಾ ಎಂದರು. ದಕ್ಷಿಣ ಆಕ್ಲೆಂಡಿನ ಒಂದು ಆಸ್ಪತ್ರೆಯ ವಯೋವೃದ್ಧರ ವಾರ್ಡಿನಲ್ಲಿ ನಾವಿಬ್ಬರೂ ನರ್ಸುಗಳು.

ಅವರಿಗೆ ಕೆಲವು ಖಡಾಖಂಡಿತ ಅಭಿಪ್ರಾಯಗಳಿದ್ದವು. ಸೂಪರ್ ಮಾರ್ಕೆಟ್ಟಿನ ಈರುಳ್ಳಿ ಈರುಳ್ಳಿಯೇ ಅಲ್ಲ ಎಂಬುದು ಒಂದು. ಕೊಯ್ಯುವಾಗ ಕಣ್ಣಲ್ಲಿ ನೀರು ಬರದಿದ್ದರೆ ಅದನ್ನು ಏಕೆ ಕೊಯ್ಯಬೇಕು ಎಂದು ಕೇಳುತ್ತಿದ್ದರು. ಅದಕ್ಕಾಗಿ ರಜೆಯ ದಿನ ಪುಕೆಕೊಹೆಯವರೆಗೆ ಕಾರು ಓಡಿಸಿಕೊಂಡು ಹೋಗಿ, ತೋಟದ ಬಾಗಿಲಲ್ಲೇ ಮಾರುವವರ ಹತ್ತಿರ ಒಂದು ಮೂಟೆ ತರುತ್ತಿದ್ದರು. ಹೊತ್ತು ತರುವ ಕೆಲಸ ನನ್ನದು. ಆಸ್ಪತ್ರೆಯ ಕ್ಯಾಂಟೀನಿನ ಸೂಪಿಗೆ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ, ಉದುರಿಸಿಕೊಂಡು ಕುಡಿಯುತ್ತಿದ್ದರು. ಹೊಸದಾಗಿ ಬಂದ ನರ್ಸುಗಳಿಗೆ ಈ ದೇಶದ ರೀತಿ ರಿವಾಜು ಕಲಿಸುವುದೂ ಅವರೇ. ಕಲಿಸುವುದೆಂದರೆ ಗದರುವುದು. ಆದರೆ ಗದರಿಸಿಕೊಂಡವರು ಯಾರೂ ಇನ್ನೊಬ್ಬರ ಹತ್ತಿರ ಕಲಿಯಲು ಹೋದದ್ದು ನಾನು ಕಾಣೆ.

ಇನ್ನು ಕಾಗದಗಳ ಕಥೆ. ಪ್ರವಾಸಕ್ಕೆ ಬಂದಿದ್ದ ಅಮೆರಿಕದ ನಿವೃತ್ತ ಮೇಷ್ಟರೊಬ್ಬರು ಸೊಂಟ ಮುರಿದುಕೊಂಡು ನಮ್ಮ ವಾರ್ಡಿನಲ್ಲಿ ಮಲಗಿದ್ದರು. ಅಕ್ಕ ಚಾರ್ಟಿನಲ್ಲಿ ಬರೆಯುವುದನ್ನು ನೋಡಿ, ಇಷ್ಟು ಚೆನ್ನಾಗಿ ಕೂಡಿಸಿ ಬರೆಯುವವರನ್ನು ನೋಡಿ ಎಷ್ಟು ಕಾಲವಾಯಿತು ಎಂದರಂತೆ. ಅಕ್ಕನದು ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಪೆಟ್ಟು ತಿಂದು ಕಲಿತ ಇಂಗ್ಲಿಷ್ ಕೂಡಕ್ಷರ. ಆ ಮೇಷ್ಟರು ಹೇಳಿದರು: ನಮ್ಮಲ್ಲಿ ಹತ್ತೊಂಬತ್ತನೆಯ ಶತಮಾನದ ಚೆರೋಕಿ ಮತ್ತು ಚಾಕ್ಟಾ ಮುಖಂಡರು ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ಬರೆದ ಕಾಗದಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಹಾಕಿದ್ದಾರೆ, ಅವನ್ನು ಓದಿ ಟೈಪು ಮಾಡಿಕೊಡುವವರು ಬೇಕಂತೆ, ಈಗಿನ ಹುಡುಗರಿಗೆ ಆ ಬರವಣಿಗೆ ಓದಲು ಬರುವುದಿಲ್ಲ. ಅಕ್ಕ ಅಂದೇ ಹೆಸರು ಕೊಟ್ಟರು. ಮೇಷ್ಟರು ಸೊಂಟ ಸರಿಮಾಡಿಕೊಂಡು ಊರಿಗೆ ಹೋದರು, ಅಕ್ಕನ ರಜೆಯ ದಿನಗಳು ಮಾತ್ರ ಅಮೆರಿಕದಲ್ಲಿಯೇ ಉಳಿದವು.

ನ್ಯೂ ನಾರ್ತ್ ರಸ್ತೆಯ ಅಂಗಡಿಗಳ ಹಿಂದಿನ ಬೀದಿಯಲ್ಲಿ ಅವರ ಮನೆ. ಹೋದಾಗಲೆಲ್ಲ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಚಹಾ, ಪರದೆಯ ತುಂಬ ಕಂದುಬಣ್ಣದ ಹಳೆಯ ಕಾಗದ. ಅವರಿಂದಲೇ ನನಗೆ ವಿಷಯ ತಿಳಿದದ್ದು. ಚೆರೋಕಿಗಳು, ಚಾಕ್ಟಾಗಳು ಅಮೆರಿಕದ ಮೂಲನಿವಾಸಿ ಜನ. ಅವರನ್ನು ಅವರ ನೆಲದಿಂದ ಎಬ್ಬಿಸಿ, ಮುದುಕರು ಮಕ್ಕಳೆನ್ನದೆ ಪಶ್ಚಿಮಕ್ಕೆ ಅಟ್ಟಿದರು. ದಾರಿಯಲ್ಲಿ ಬಹಳ ಜನ ಸತ್ತರು. ಉಳಿದವರು ಹೊಸ ಜಾಗದಲ್ಲಿ ಅಕ್ಕಪಕ್ಕ ಮನೆ ಕಟ್ಟಿಕೊಂಡು, ಮತ್ತೆ ಸಭೆ, ಕಾನೂನು, ಶಾಲೆ ಎಂದು ಶುರುಮಾಡಿದರು. ಮುಖಂಡರು ಒಬ್ಬರಿಗೊಬ್ಬರು ಬರೆದುಕೊಂಡರು. ಗಡಿ ದಾಟಿದ ದನ, ಕಳವಾದ ಕುದುರೆ, ಸಭೆಗೆ ಕರೆ, ಸರ್ಕಾರ ಮತ್ತೆ ಮಾತು ತಪ್ಪಿದ ದೂರು. ಅಕ್ಕ ಅವರ ಬಗ್ಗೆ ಮಾತಾಡುತ್ತಿದ್ದದ್ದು ಬೆಟಗೇರಿಯ ನೆಂಟರ ಬಗ್ಗೆ ಮಾತಾಡಿದ ಹಾಗೆ. ಆ ಚಾಕ್ಟಾ ಮನುಷ್ಯನಿಗೆ ಮೈ ಸರಿಯಿಲ್ಲವಂತೆ, ಕೈಬರಹ ನಡುಗಿದೆ ಎಂದು ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಸತ್ತು ನೂರು ವರ್ಷದ ಮೇಲಾದವನ ಆರೋಗ್ಯ ಸುಧಾರಿಸಿತೋ ಇಲ್ಲವೋ ಎಂದು ಮುಂದಿನ ವಾರ ನಾನೂ ವಿಚಾರಿಸಿಕೊಳ್ಳಬೇಕು.

ಒಮ್ಮೆ ನಾನು ಬುದ್ಧಿವಂತನಂತೆ, ಒಂದು ಲೆಕ್ಕದಲ್ಲಿ ನಾವೂ ಅವರ ಹಾಗೇ ನೆಲ ಬಿಟ್ಟು ಬಂದವರಲ್ಲವೇ ಎಂದೆ. ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಆಚೆಯವರು ಕುರ್ಚಿ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುವುದು ಒಳ್ಳೆಯದು.

"ನಿನ್ನ ಯಾರರ ಬಂದೂಕ ಹಿಡದು ಕಳಿಸ್ಯಾರೇನು? ಟಿಕೀಟ ತಗದು, ಕಿಡಕಿ ಬಾಜೂದ ಸೀಟ ಕೇಳಿ ಬಂದಾಂವ ನೀ. ಅವರಂಥಾವ್ರು ಈ ದೇಶದಾಗ ಯಾರದಾರ ಅಂತ ಒಂದೀಟು ಕಣ್ಣ ತಗದು ನೋಡು."

ಅವರು ಹೇಳಿದ್ದು ಈ ನೆಲದ ಮೂಲನಿವಾಸಿಗಳಾದ ಮಾವೊರಿಗಳ ಬಗ್ಗೆ. ಅಲ್ಲಿಂದಾಚೆ ನಾನು ಆ ಹೋಲಿಕೆಯ ಗೊಡವೆಗೆ ಹೋಗಲಿಲ್ಲ.

ಹಾಗೆಂದು ಆ ಮುಖಂಡರನ್ನೆಲ್ಲ ಅವರು ತಲೆಯ ಮೇಲೆ ಹೊತ್ತುಕೊಂಡವರೂ ಅಲ್ಲ. ಅವರಲ್ಲಿ ಕೆಲವು ಸಿರಿವಂತರು ಕರಿಯರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. ಒಂದು ಕಾಗದದಲ್ಲಿ, ದನ ಕುದುರೆಯ ವಿಷಯ ಹೇಳಿದ ಉಸಿರಿನಲ್ಲೇ, ಓಡಿಹೋದ ಒಬ್ಬ ಗುಲಾಮ ನಿಮ್ಮ ಕಡೆ ಕಂಡನೇ ಎಂಬ ವಿಚಾರಣೆ ಇತ್ತಂತೆ. ಅಕ್ಕ ಲ್ಯಾಪ್‌ಟಾಪು ಮುಚ್ಚಿ ಎದ್ದುಬಿಟ್ಟರು. ಎಷ್ಟೋ ದಿನ ಅದನ್ನು ತೆರೆಯಲಿಲ್ಲ. ತಾವೇ ಮನೆ ಕಳೆದುಕೊಂಡವರು ಇನ್ನೊಬ್ಬನ ಕಾಲಿಗೆ ಹೇಗೆ ಹಗ್ಗ ಹಾಕಿದರು ಎಂದು ನನ್ನನ್ನು ಕೇಳಿದರು, ನಾನೇ ಹಾಕಿಸಿದವನ ಹಾಗೆ. ಆಮೇಲೆ ಮತ್ತೆ ಕೂತು ಆ ಕಾಗದವನ್ನೂ ಒಂದಕ್ಷರ ಬಿಡದೆ ಟೈಪು ಮಾಡಿದರು. ಓಡಿಹೋದವನ ಹೆಸರು ಅದರಲ್ಲಿದೆ, ತಾನು ಬಿಟ್ಟರೆ ಅದೂ ಹೋಗುತ್ತದೆ ಎಂದರು.

ಈ ಕಾಗದಗಳಿಂದ ಅವರು ಒಂದು ಅಭ್ಯಾಸ ಎತ್ತಿಕೊಂಡಿದ್ದರು. ಅದು ನಮ್ಮ ಪ್ರಾಣ ತಿನ್ನುತ್ತಿತ್ತು. ಒಬ್ಬ ಮುಖಂಡನ ಕಾಗದ ಇನ್ನೊಬ್ಬನಿಗೆ ಮುಟ್ಟಿದರೆ, ಉತ್ತರ ಬರೆಯುವವನು ಮೊದಲು ಬಂದ ಮಾತನ್ನೇ ತಿರುಗಿ ಹೇಳುತ್ತಿದ್ದನಂತೆ. ನಿಮ್ಮ ಮಾತು ತಲುಪಿತು, ನೀವು ಇಂಥದ್ದು ಹೇಳಿದಿರಿ, ಆಮೇಲೆ ಇಂಥದ್ದು ಹೇಳಿದಿರಿ, ನಾವು ಹೀಗೆ ಕೇಳಿಸಿಕೊಂಡಿದ್ದೇವೆ. ಅದಾದ ಮೇಲೆಯೇ ತನ್ನ ಮಾತು. ಎಲ್ಲ ಕಾಗದಗಳಲ್ಲೂ ಹೀಗಿರುತ್ತದೆಯೇ ಎಂದರೆ, "ಎಲ್ಲಾದ್ರಾಗ ಅಲ್ಲಪಾ, ಛಲೋ ಕಾಗದದಾಗ" ಎನ್ನುತ್ತಿದ್ದರು. ಅಕ್ಕ ಅದಕ್ಕೆ ಇಟ್ಟ ಹೆಸರು ಒಪ್ಪಿಸುವುದು. ಶಾಲೆಯಲ್ಲಿ ಪಾಠ ಒಪ್ಪಿಸುತ್ತೇವಲ್ಲ, ಹಾಗೆ.

ಸರಿ, ಮುಖಂಡರು ಒಪ್ಪಿಸಿಕೊಳ್ಳಲಿ, ನಮಗೇನು? ಆದರೆ ಅಕ್ಕ ಅದನ್ನು ವಾರ್ಡಿಗೆ ತಂದರು. ಶನಿವಾರದ ಪಾಳಿ ಬದಲಾಯಿಸಿಕೊಳ್ಳುತ್ತೀರಾ ಎಂದು ಕೇಳಿದರೆ ಹೂಂ ಅಥವಾ ಊಹೂಂ ಎನ್ನುವ ಬದಲು, ನಿನಗೆ ಶನಿವಾರ ಗೆಳೆಯನ ಜೊತೆ ಬ್ಯಾಚಿಗೆ, ಅಂದರೆ ಸಮುದ್ರದ ದಂಡೆಯ ರಜೆಮನೆಗೆ, ಹೋಗಬೇಕು, ಅದು ಅವನಿಗೆ ಆ ವಾರಾಂತ್ಯ ಮಾತ್ರ ಸಿಕ್ಕಿದೆ, ಬೇರೆ ಯಾರನ್ನೂ ಕೇಳಲು ನಿನಗೆ ಮುಖವಿಲ್ಲ, ಹೌದಲ್ಲ ಎಂದು ನನ್ನ ಅರ್ಜಿಯನ್ನು ನನಗೇ ಓದಿ ಹೇಳುತ್ತಿದ್ದರು. ಹೌದು ಎಂದ ಮೇಲೆ ಆಗುವುದಿಲ್ಲ ಎನ್ನುತ್ತಿದ್ದರು. ವಿಚಿತ್ರವೆಂದರೆ, ಹಾಗೆ ಆಗುವುದಿಲ್ಲ ಎನ್ನಿಸಿಕೊಂಡರೆ ಸಿಟ್ಟು ಬರುತ್ತಿರಲಿಲ್ಲ.

ಒಮ್ಮೆ ನನಗೂ ಮಂಗಳೂರಿನ ಫ್ಲ್ಯಾಟ್‌ಮೇಟ್‌ಗೂ ಒಣಮೀನಿನ ವಿಷಯದಲ್ಲಿ ಮಾತು ಬಿಟ್ಟುಹೋಯಿತು. ಅವನು ಅದನ್ನು ಹುರಿದ ದಿನ ನನ್ನ ಯೂನಿಫಾರ್ಮು, ದಿಂಬು, ಹಾಲು ಎಲ್ಲ ಸಮುದ್ರವಾಗುತ್ತಿತ್ತು. ಅಕ್ಕ ಇಬ್ಬರನ್ನೂ ಊಟಕ್ಕೆ ಕರೆದು, ರೊಟ್ಟಿ ಬಡಿಸದೆ ಕೂರಿಸಿ, ನೀನು ಅವನ ಪರವಾಗಿ ಹೇಳು, ಅವನು ನಿನ್ನ ಪರವಾಗಿ ಹೇಳಲಿ ಎಂದರು. ಬದನೆಕಾಯಿ ಎಣ್ಣೆಗಾಯಿಯ ವಾಸನೆ ಒಳಗಿನಿಂದ ಬರುತ್ತಿತ್ತು. ಹಸಿದ ನಾನು ಒಣಮೀನಿನ ಪರವಾಗಿ ವಾದ ಮಂಡಿಸಿದೆ. ಅದು ಅವನ ತಾಯಿ ಕಳಿಸಿದ್ದು, ಅದು ಮುಗಿದರೆ ಮನೆಯದು ಎಂಬುದೇನೂ ಅವನ ಹತ್ತಿರ ಉಳಿಯುವುದಿಲ್ಲ ಎಂದು ನನ್ನ ಬಾಯಿಂದಲೇ ಬಂತು. ಹೇಳಿದ ಮೇಲೆ ನನಗೇ ಪೆಚ್ಚಾಯಿತು. ಅವನು ನನ್ನ ಪರವಾಗಿ ದಿಂಬಿನ ಬಗ್ಗೆ ಎಷ್ಟು ಮನಮುಟ್ಟುವಂತೆ ಮಾತಾಡಿದನೆಂದರೆ ಮೂವರೂ ನಕ್ಕೆವು. ಅಂದಿನಿಂದ ಅವನು ಮೀನು ಹುರಿಯುವುದು ಹೊರಗೆ ಬಾರ್ಬಿಕ್ಯೂ ಒಲೆಯ ಮೇಲೆ, ತಿನ್ನುವುದು ಇಬ್ಬರೂ.

ಇನ್ನು ಆ ಕೆಟ್ಟ ಹೆಸರಿನ ಮಾತು. ಅಕ್ಕ ನಿವೃತ್ತಿಯ ಕಾಗದ ಕೊಟ್ಟಾಗಿತ್ತು, ಕೆಲಸದಲ್ಲಿ ಇನ್ನು ಕೆಲವೇ ವಾರ ಉಳಿದಿದ್ದವು. ವಾರ್ಡಿನಲ್ಲಿ ಒಬ್ಬ ಮಾವೊರಿ ಅಜ್ಜಿ ಇದ್ದರು, ಎದೆಯಲ್ಲಿ ಕಫ ಕಟ್ಟಿ ಸೇರಿದ್ದವರು. ಒಂದು ಮಧ್ಯಾಹ್ನ ಅವರು ಮನೆಗೆ ಹೋಗಬೇಕೆಂದು ಸದ್ದಿಲ್ಲದೆ ಅಳುತ್ತಿದ್ದರು. ಅಕ್ಕ ಪಕ್ಕದಲ್ಲಿ ಕೂತು, ಕೆದರಿದ್ದ ಅವರ ಬಿಳಿಯ ಕೂದಲನ್ನು ಬಾಚಿದರು. ಬಾಚಿ ಮುಗಿಸಿ ನೆತ್ತಿಯ ಮೇಲೆ ಕೈಯಿಟ್ಟು ನೇವರಿಸಿದರು. ಬಾಚಣಿಗೆಯಲ್ಲಿ ಉಳಿದ ಕೂದಲನ್ನು ನಮ್ಮ ಹೆಂಗಸರು ಮಾಡುವ ಹಾಗೆ ಬೆರಳಿಗೆ ಸುತ್ತಿ, ಉಂಡೆ ಮಾಡಿ, ಹಾಸಿಗೆಯ ಪಕ್ಕದ ಕಸದ ಬುಟ್ಟಿಗೆ ಹಾಕಿದರು. ಬುಟ್ಟಿಯಲ್ಲಿ ಅರ್ಧ ತಿಂದ ಸ್ಯಾಂಡ್‌ವಿಚ್ಚು ಇತ್ತು. ಅಜ್ಜಿಯ ಮಗ ಬಾಗಿಲಿಗೆ ಬಂದದ್ದು ಅಕ್ಕ ನೇವರಿಸುತ್ತಿದ್ದಾಗಲೇ.

ಮಾವೊರಿಗಳಿಗೆ ತಲೆ ತಪು, ಅಂದರೆ ಕೇಳದೆ ಯಾರೂ ಮುಟ್ಟಬಾರದಷ್ಟು ಪವಿತ್ರ. ಕೂದಲೂ ಅಷ್ಟೇ. ತಲೆಗೆ ಸಂಬಂಧಿಸಿದ್ದನ್ನು ಅನ್ನ ಆಹಾರದ ಜೊತೆ ಸೇರಿಸುವಂತಿಲ್ಲ. ಇಲ್ಲಿ ಕೆಲಸಕ್ಕೆ ಬರುವ ಪ್ರತಿಯೊಬ್ಬ ನರ್ಸಿಗೂ ಮೊದಲು ಹೇಳಿಕೊಡುವ ಮಾತು ಇದು. ನನಗೆ ಹೇಳಿಕೊಟ್ಟವರು ಅಕ್ಕ. ಹೊಸ ಹುಡುಗಿಯೊಬ್ಬಳು ರೋಗಿಯ ತಲೆದಿಂಬನ್ನು ಕಾಲಕೆಳಗಿಟ್ಟಾಗ ಇಡೀ ಕಾರಿಡಾರಿಗೆ ಕೇಳುವಂತೆ ಗದರಿದವರೂ ಅಕ್ಕ. ಗೊತ್ತಿದ್ದದ್ದೆಲ್ಲ ತಲೆಯಲ್ಲಿತ್ತು, ಆದರೆ ಅಳುವ ಮುದುಕಿಯನ್ನು ಕಂಡ ಕೈ ಬೆಟಗೇರಿಯ ಕೈಯಾಗಿಬಿಟ್ಟಿತ್ತು.

ಮಗ ಕೂಗಾಡಲಿಲ್ಲ. ಮಾರನೆಯ ದಿನ ದೂರು ಕೊಟ್ಟ. ವಾರ್ಡಿನ ಮೇಲ್ವಿಚಾರಕಿ ಅಕ್ಕನನ್ನು ಕರೆದು, ಕುಟುಂಬದವರ ಜೊತೆ ಸಭೆ ಇಟ್ಟಿದೆ, ಅಲ್ಲಿ ಬಗೆಹರಿಯದಿದ್ದರೆ ವಿಷಯ ನರ್ಸಿಂಗ್ ಮಂಡಳಿಗೆ ಹೋಗುತ್ತದೆ ಎಂದರು. ಅಕ್ಕನೊಡನೆ ಒಬ್ಬರು ಬೆಂಬಲಕ್ಕೆ ಬಂದು ಕೂರಬಹುದು. ಅಕ್ಕ ನನ್ನ ಹೆಸರು ಹೇಳಿದರು.

ಆ ಸಲ ಮನೆಗೆ ಹೋದಾಗ ಲ್ಯಾಪ್‌ಟಾಪು ಮುಚ್ಚಿತ್ತು. ಅಕ್ಕನ ದನಿ ಮೊದಲ ಬಾರಿಗೆ ಬೇರೆಯವರ ದನಿಯಷ್ಟೇ ಇತ್ತು.

"ಬಡವಿ ಇದ್ದೆ, ಒಬ್ಬಾಕಿನ ಇದ್ದೆ, ಏನೂ ಅನಸಲಿಲ್ಲ. ನನ್ನ ಕೆಲಸಕ್ಕ ಮಾತ್ರ ಯಾರೂ ಬೆರಳ ಮಾಡಿ ತೋರಿಸಿರಲಿಲ್ಲ ತಮ್ಮಾ. ಈಗ ಅದೂ ಹೋದ್ರ ನನ್ನ ಹಂತ್ಯಾಕ ಏನ ಉಳೀತೈತಿ?"

ನಾನು ತಯಾರಿ ಮಾಡಿ ತಂದಿದ್ದ ಹಾಳೆ ತೆಗೆದೆ. ನಮ್ಮ ಸಂಸ್ಕೃತಿಯಲ್ಲಿ ತಲೆ ನೇವರಿಸುವುದು ಆಶೀರ್ವಾದ, ಅಂದು ವಾರ್ಡಿನಲ್ಲಿ ನರ್ಸುಗಳು ಕಡಿಮೆಯಿದ್ದರು, ಇಷ್ಟು ವರ್ಷದಲ್ಲಿ ಒಂದೂ ದೂರಿಲ್ಲ, ಉದ್ದೇಶ ಪ್ರೀತಿಯದು. ಒಂದೊಂದೂ ನಿಜ, ಚೆನ್ನಾಗಿಯೂ ಬರೆದಿದ್ದೆ. ಅಕ್ಕ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಮಡಿಸಿ, ನನ್ನ ಜೇಬಿಗೇ ಹಾಕಿದರು. ಸರ್ಕಾರದ ಏಜೆಂಟರು ಚಾಕ್ಟಾಗಳಿಗೆ ಬರೆಯುತ್ತಿದ್ದ ಕಾಗದ ಹೀಗೇ ಇರುತ್ತಿದ್ದವಂತೆ. ಮೊದಲಿನಿಂದ ಕೊನೆಯವರೆಗೆ ನಾನು, ನನ್ನ ಉದ್ದೇಶ, ನನ್ನ ಕಷ್ಟ. ಆಚೆಯವನ ಮಾತು ಎಲ್ಲಿದೆ ಎಂದು ಹುಡುಕಬೇಕು.

"ಆದ್ರೆ ನೀವು ಪ್ರೀತಿಯಿಂದ ತಾನೆ ಮಾಡಿದ್ದು ಅಕ್ಕ? ಅದ್ನೂ ಹೇಳ್ಬಾರ್ದಾ?" ಎಂದೆ.

"ಅದು ನನ್ನ ಮಾತು. ಮೊದಲ ಅವರದು ಮುಗೀಲಿ" ಎಂದರು.

ನನಗೆ ಸಿಟ್ಟೇ ಬಂತು. ಇದೇನು ಒಣಮೀನಿನ ಪಂಚಾಯಿತಿಯೇ? ಅನ್ನ ಕೊಟ್ಟ ಕೆಲಸ, ಗಳಿಸಿದ ಹೆಸರು ಹೋಗುವ ಹೊತ್ತಿನಲ್ಲಿ ಸತ್ತವರ ಕಾಗದ ನೋಡಿಕೊಂಡು ನಡೆಯುತ್ತಾರಲ್ಲ ಎಂದು ದಾರಿಯುದ್ದಕ್ಕೂ ಬೈದುಕೊಂಡೆ. ಹಾಳೆಯನ್ನು ಮಾತ್ರ ಎಸೆಯಲಿಲ್ಲ. ಅಕ್ಕನ ಬಾಯಿ ಕಟ್ಟಿದರೆ ನಾನೇ ಓದುವುದೆಂದು ಜೇಬಿನಲ್ಲೇ ಇಟ್ಟುಕೊಂಡೆ.

ಸಭೆ ನಡೆದದ್ದು ಆಸ್ಪತ್ರೆಯಲ್ಲಿ ಕುಟುಂಬದವರಿಗೆಂದೇ ಇರುವ ಕೋಣೆಯಲ್ಲಿ. ಅಜ್ಜಿ ಗುಣವಾಗಿ ಮನೆಗೆ ಹೋಗಿದ್ದರು, ಅಂದು ಗಾಲಿಕುರ್ಚಿಯಲ್ಲಿ ಬಂದಿದ್ದರು, ತೊಡೆಯ ಮೇಲೆ ಹೆಣೆದ ಕಂಬಳಿ. ಮಗ ಕಟ್ಟಡದ ಕೆಲಸದವನು, ಕೆಲಸದಿಂದ ನೇರವಾಗಿ ಬಂದವನ ಬಟ್ಟೆಯಲ್ಲಿ ಸಿಮೆಂಟು. ಆಸ್ಪತ್ರೆಯ ಮಾವೊರಿ ಹಿರಿಯರೊಬ್ಬರು ಪ್ರಾರ್ಥನೆ ಹೇಳಿ ಶುರುಮಾಡಿದರು. ಮೇಲ್ವಿಚಾರಕಿ ಕುಟುಂಬದವರನ್ನು ಮಾತಾಡಲು ಕೇಳಿಕೊಂಡರು. ಮಗ ಮೆಲ್ಲಗೆ, ನೆಲ ನೋಡುತ್ತಾ ಹೇಳಿದ. ಕಡಿಮೆ ಮಾತು. ಮೇಲ್ವಿಚಾರಕಿ ಅಕ್ಕನ ಕಡೆ ತಿರುಗಿ, ನಿಮ್ಮ ವಿವರಣೆ ಏನು ಎಂದರು.

ಅಕ್ಕ ವಿವರಣೆ ಕೊಡಲಿಲ್ಲ. ಇಂಗ್ಲಿಷಿನಲ್ಲಿ, ನಿಧಾನವಾಗಿ, ಆ ಮಗನಿಗೆ ಹೇಳಿದರು: ನೀವು ಹೇಳಿದ್ದನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದೇನೆಯೇ ಎಂದು ನೋಡಿ. ನೀವು ಕೆಲಸ ಮುಗಿಸಿ ತಾಯಿಯನ್ನು ನೋಡಲು ಬಂದಿರಿ. ಹೊರಗಿನವಳೊಬ್ಬಳು ಅವರ ತಲೆಯ ಮೇಲೆ ಕೈಯಿಟ್ಟಿದ್ದಳು. ಅವರ ಕೂದಲನ್ನು ಎಂಜಲಿನ ಜೊತೆ ಕಸಕ್ಕೆ ಹಾಕಿದಳು. ನೀವು ಹೋಗಿ ಆ ಕೂದಲನ್ನು ಬುಟ್ಟಿಯಿಂದ ಆರಿಸಿ ತೆಗೆದುಕೊಳ್ಳಬೇಕಾಯಿತು. ಇವಳಿಗೆ ಇದು ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ ಎಂದು ನಿಮಗೆ ಅನಿಸಿತು, ಅದರಿಂದ ನೋವು ಇನ್ನೂ ಹೆಚ್ಚಾಯಿತು. ಹೌದೇ?

ಮಗ ತಲೆಯೆತ್ತಿ ಅಕ್ಕನನ್ನು ನೋಡಿದ. ಹೌದು, ಆದರೆ ಒಂದು ಬಿಟ್ಟಿರಿ ಎಂದ. ಅಮ್ಮ ಬೇಡ ಅನ್ನುವವಳಲ್ಲ. ಚಿಕ್ಕಂದಿನಿಂದ ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಯೂನಿಫಾರ್ಮು ಹಾಕಿದವರು ಏನು ಮಾಡಿದರೂ ಸುಮ್ಮನಿರಬೇಕೆಂದು ಕಲಿತವಳು. ಅವಳು ಸುಮ್ಮನಿದ್ದಳು, ನೀವು ಮುಂದುವರಿಸಿದಿರಿ. ನನಗೆ ಸಂಕಟವಾದದ್ದು ಅದು.

ನನ್ನ ಕೈ ಜೇಬಿನಲ್ಲಿತ್ತು, ಹಾಳೆಯ ಮೇಲೆ. ಅಕ್ಕನ ಮುಖ ನೋಡಿದೆ. ಈ ಮಾತು ಅವರು ಎಣಿಸಿದ್ದರಲ್ಲಿ ಇರಲಿಲ್ಲ. ಅವರು ಒಮ್ಮೆ ಉಸಿರು ತೆಗೆದುಕೊಂಡು ಅದನ್ನೂ ಒಪ್ಪಿಸಿದರು.

"ಅವರು ಸುಮ್ಮನಿದ್ದರು. ನಾನು ಯೂನಿಫಾರ್ಮಿನಲ್ಲಿದ್ದೆ, ಅದಕ್ಕೆ ಸುಮ್ಮನಿದ್ದರು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ."

ಮಗ, ಹೌದು, ಅಷ್ಟೇ ಎಂದ. ಅವನ ಭುಜ ಸ್ವಲ್ಪ ಇಳಿಯಿತು. ಮೇಲ್ವಿಚಾರಕಿ ಮತ್ತೆ, ಇನ್ನು ನಿಮ್ಮ ಕಡೆಯ ಮಾತು ಹೇಳಬಹುದು ಎಂದರು. ನಾನು ಕಾದೆ. ಈಗಲಾದರೂ ಪ್ರೀತಿ, ಆಶೀರ್ವಾದ, ಇಷ್ಟು ವರ್ಷದ ಸೇವೆ, ಏನಾದರೂ ಬರುತ್ತದೆ ಎಂದು. ಅಕ್ಕ ಎದ್ದು, ಗಾಲಿಕುರ್ಚಿಯ ಮುಂದೆ ಮಂಡಿಯೂರಿ ಕೂತರು. ಮೊಣಕಾಲು ನೋವಿನವರು, ಕೂರುವುದು ಸುಲಭವಿರಲಿಲ್ಲ. ಅಜ್ಜಿಗೆ ಹೇಳಿದರು: ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮನ್ನು ಕೇಳಲಿಲ್ಲ. ತಪ್ಪಾಯಿತು. ಅಕ್ಕನ ಎರಡೂ ಕೈ ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡಿದ್ದವು.

ಅಲ್ಲಿಯವರೆಗೆ ಅಜ್ಜಿ ಒಂದು ಮಾತೂ ಆಡಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಈಗ ಅವರು ಕೆಮ್ಮಿ, ಗಂಟಲು ಸರಿಮಾಡಿಕೊಂಡರು.

"ಬಾಚಿದ್ದು ಚೆನ್ನಾಗಿತ್ತು ಹುಡುಗಿ. ನೀನು ಕೇಳಬೇಕಿತ್ತು. ಕೇಳಿದ್ದರೆ ಹೂಂ ಅನ್ನುತ್ತಿದ್ದೆ, ಕೂದಲನ್ನು ನನ್ನ ಕೈಯಲ್ಲಿ ಕೊಡು ಅನ್ನುತ್ತಿದ್ದೆ."

ಅರವತ್ತು ದಾಟಿದ ಅಕ್ಕ ಹುಡುಗಿ ಎನ್ನಿಸಿಕೊಂಡು ತಲೆಯಾಡಿಸಿದರು. ಮಗ ತಾಯಿಯ ಮುಖ ನೋಡಿದ. ಆಮೇಲೆ ಮೇಲ್ವಿಚಾರಕಿಗೆ, ನಮ್ಮ ಕಡೆಯಿಂದ ಇದು ಇಲ್ಲಿಗೆ ಮುಗಿಯಿತು ಎಂದ. ನಾನು ಹಾಳೆಯನ್ನು ಬಿಟ್ಟು ಜೇಬಿನಿಂದ ಕೈ ಹೊರಗೆ ತೆಗೆದೆ. ಆದರೆ ಅಜ್ಜಿಗೆ ಇನ್ನೂ ಮುಗಿದಿರಲಿಲ್ಲ. ಕಂಬಳಿಯ ಕೆಳಗಿನಿಂದ ಕೈ ತೆಗೆದು, ಅಕ್ಕನ ತೋಳು ಹಿಡಿದು ಮುಂದಕ್ಕೆ ಎಳೆದುಕೊಂಡರು. ಅಕ್ಕನ ಬಲಗೈಯನ್ನು ಬೆನ್ನ ಹಿಂದಿನಿಂದ ಬಿಡಿಸಿ ತಮ್ಮ ಭುಜದ ಮೇಲೆ ತಾವೇ ಇಟ್ಟುಕೊಂಡರು. ಮತ್ತೆ ತಲೆ ಬಾಗಿಸಿ ಮೂಗಿಗೆ ಮೂಗು, ಹಣೆಗೆ ಹಣೆ ಒತ್ತಿದರು. ಇಲ್ಲಿಯವರು ಅದಕ್ಕೆ ಹೊಂಗಿ ಎನ್ನುತ್ತಾರೆ. ಎದುರಿನವರನ್ನು ನಮ್ಮವರೆಂದು ಬರಮಾಡಿಕೊಳ್ಳುವ ರೀತಿ. ಎಷ್ಟೋ ಸಮಾರಂಭಗಳಲ್ಲಿ ನೋಡಿದ್ದೇನೆ, ನಾನೂ ಮಾಡಿದ್ದೇನೆ. ಆದರೆ ಯಾರೂ ಮುಟ್ಟಬಾರದ ಆ ತಲೆಯನ್ನು ಅದರ ಒಡತಿಯೇ ಮುಂದೆ ಚಾಚಿ, ಮುಟ್ಟಿ ತಪ್ಪು ಮಾಡಿದವರ ಹಣೆಗೆ ಕೊಟ್ಟದ್ದನ್ನು ನೋಡಿದ್ದು ಅಂದೇ. ಇಬ್ಬರೂ ಕಣ್ಣು ಮುಚ್ಚಿದ್ದರು. ಅಕ್ಕ ಅಳುತ್ತಿದ್ದರು, ಅದಕ್ಕೂ ಸದ್ದಿರಲಿಲ್ಲ. ನನಗೂ ಕಣ್ಣು ತುಂಬಿತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಹಿರಿಯರು ಮತ್ತೆ ಪ್ರಾರ್ಥನೆ ಹೇಳಿದರು, ಚಹಾ ಬಂತು, ಬಿಸ್ಕತ್ತು ಬಂತು. ಮಗ ತನ್ನ ತಾಯಿಯನ್ನು ಯೂಟ್ ಎಂಬ ಪಿಕಪ್ ಗಾಡಿಗೆ ಹತ್ತಿಸುವಾಗ ನಾನು ಗಾಲಿಕುರ್ಚಿ ಮಡಿಸಿ ಹಿಂದಕ್ಕೆ ಇಟ್ಟುಕೊಟ್ಟೆ. ಅವನು ಕೈ ಕುಲುಕಿದ.

ನಮ್ಮ ಕಾರಿನಲ್ಲಿ ಅಕ್ಕ ಬೆಲ್ಟು ಹಾಕಿಕೊಂಡರು. ನಾನು ಇಂಜಿನ್ ಶುರುಮಾಡಿದೆ.

"ಏ ತಮ್ಮಾ," ಎಂದರು, "ಎದುರಿನವರಿಗೆ ಸಮಾಧಾನ ಆಗ್ಲಿ ಅಂತ ಒಪ್ಪಸ್ತಾರ ಅಂತ ತಿಳಕೊಂಡಿದ್ದೆ ನಾ ಇಷ್ಟು ದಿವಸ. ಆ ಮಗ ಹೇಳಿದ್ದು ನನ್ನ ಬಾಯಾಗ ಬರೂತನಕಾ ನಾ ಏನ ಮಾಡೀನಿ ಅನ್ನೂದು ನನಗ ಗೊತ್ತ ಇರಲಿಲ್ಲ ನೋಡು."

ಅವರು ಹೇಳಿದ್ದನ್ನೇ ತಿರುಗಿ ಹೇಳೋಣವೆಂದು ಬಾಯಿ ತೆರೆದೆ. ಅಕ್ಕ ನನ್ನ ಮುಖ ನೋಡಿ, ಸಾಕು ಬಿಡು, ಎಲ್ಲಾದರೂ ನಿಲ್ಲಿಸು, ಹಸಿವೆಯಾಗಿದೆ ಎಂದರು. ಸಭೆ ಗೊತ್ತಾದ ದಿನದಿಂದ ಚಹಾ ಬಿಟ್ಟರೆ ಏನೂ ಗಂಟಲಲ್ಲಿ ಇಳಿದಿರಲಿಲ್ಲವಂತೆ. ಮೊದಲು ಸಿಕ್ಕ ಡೇರಿಯ, ಅಂದರೆ ಬೀದಿಮೂಲೆಯ ಅಂಗಡಿಯ, ಮುಂದೆ ನಿಲ್ಲಿಸಿ, ಬಿಸಿ ಪೆಟ್ಟಿಗೆಯಿಂದ ಎರಡು ಖೀಮಾ ಪೈ ತಂದೆ. ಅಕ್ಕ ತಮ್ಮದನ್ನು ನಾನು ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ಮುಗಿಸಿದರು. ಸೀರೆಯ ಮೇಲೆ ಬಿದ್ದ ಚೂರುಗಳನ್ನೂ ಆರಿಸಿ ತಿಂದರು. ಆಮೇಲೆ ನನ್ನ ಕೈಯಲ್ಲಿ ಅರ್ಧ ಉಳಿದಿದ್ದ ಪೈ ಕಡೆ ನೋಡಿ, ಕೊಡುತ್ತೀಯಾ ಎಂದು ಕೇಳಿ, ನಾನು ಹೂಂ ಎನ್ನುವವರೆಗೆ ಕಾದು, ಅದನ್ನೂ ಇಸಿದುಕೊಂಡು ತಿಂದರು.